ಸೆಲ್‌ನ ಅಂಚಿಗೆ ಎರಡು ಕ್ಲಿಕ್: ದೊಡ್ಡ ಎಕ್ಸೆಲ್ ಶೀಟ್‌ನಲ್ಲಿ ಮೌಸ್ ಹಿಡಿದು ಓಡಾಡುವ ಬಗೆ

ಬ್ಯಾಡಗಿಯ ಒಣಮೆಣಸಿನಕಾಯಿ ಪೇಟೆಯಲ್ಲಿ ಸುಗ್ಗಿಯ ದಿನಗಳಲ್ಲಿ ಯಾರಿಗೂ ಎರಡು ಕೈ ಬಿಡುವಿರುವುದಿಲ್ಲ. ಸೋಮವಾರ, ಗುರುವಾರ ಬಂತೆಂದರೆ ಚೀಲಗಳ ಸಾಲು ಅಂಗಡಿ ದಾಟಿ ರಸ್ತೆಗೆ ಬಂದಿರುತ್ತದೆ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರ ಎಡಗೈಯಲ್ಲಿ ತೂಕದ ಚೀಟಿಗಳ ಕಟ್ಟು. ಹೆಬ್ಬೆರಳು ಒಂದೊಂದೇ ಚೀಟಿ ಸರಿಸುತ್ತಿರುತ್ತದೆ. ಬಲಗೈ ಮೌಸ್ ಮೇಲೆ.

ಎಕ್ಸೆಲ್ ಕಲಿಸುವವರು ಬಹಳ ಮಂದಿ ಮೊದಲ ದಿನವೇ ಹೇಳುತ್ತಾರೆ: ಮೌಸ್ ಬಿಡಿ, ಕೀಬೋರ್ಡ್ ಹಿಡಿಯಿರಿ. ಎರಡೂ ಕೈ ಖಾಲಿ ಇದ್ದವರಿಗೆ ಅದು ಒಳ್ಳೆಯ ಮಾತು. ಚೀಟಿ ಹಿಡಿದವರಿಗೆ ಅಲ್ಲ. ಚೀಟಿಯ ಕಟ್ಟು ಒಮ್ಮೆ ಕೆಳಗಿಟ್ಟರೆ ಎಷ್ಟನೆಯದರಲ್ಲಿ ಇದ್ದೆವು ಅನ್ನೋದೇ ತಪ್ಪಿ ಹೋಗುತ್ತದೆ. ನಾನು ಹುಬ್ಬಳ್ಳಿಯವಳು. ಸುಗ್ಗಿಯಲ್ಲಿ ಬ್ಯಾಡಗಿಯ ಅಂಗಡಿಗಳ ಲೆಕ್ಕ ತಾಳೆ ನೋಡಲು ರೈಲು ಹತ್ತಿ ಹೋಗುತ್ತೇನೆ. ಅಲ್ಲಿ ಕೂತು ಕೆಲಸ ಮಾಡುತ್ತಲೇ ಮೌಸ್‌ನ ಬೆಲೆ ನನಗೆ ತಿಳಿದದ್ದು. ಇಲ್ಲಿ ಹೇಳುವುದೆಲ್ಲ ವಿಂಡೋಸ್ ಕಂಪ್ಯೂಟರಿನ ಎಕ್ಸೆಲ್‌ಗೆ ಸೇರಿದ್ದು.

ಮೊದಲು ಎಕ್ಸೆಲ್ ಶೀಟ್ ಎಷ್ಟು ಉದ್ದ ಅನ್ನೋದನ್ನು ನೋಡೋಣ. 2003ರ ಎಕ್ಸೆಲ್‌ವರೆಗೆ ಒಂದು ಶೀಟ್‌ನಲ್ಲಿ 65,536 ಸಾಲು, 256 ಕಾಲಂ ಇದ್ದವು. 2007ರಿಂದ 10,48,576 ಸಾಲು, 16,384 ಕಾಲಂ. ಸಾಮಾನ್ಯವಾಗಿ ಒಂದು ಸಾಲಿನ ಎತ್ತರ 15 ಪಾಯಿಂಟ್, ಅಂದರೆ ಐದು ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ. ಎಲ್ಲ ಸಾಲುಗಳನ್ನೂ ಕಾಗದದ ಮೇಲೆ ಒಂದರ ಕೆಳಗೊಂದು ಹಾಕಿದರೆ ಐದೂವರೆ ಕಿಲೋಮೀಟರ್ ಆಗುತ್ತದೆ. ಹುಬ್ಬಳ್ಳಿ ರೈಲು ನಿಲ್ದಾಣದ ಆ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್. ಅಂಥ ಮೂರೂವರೆ ಪ್ಲಾಟ್‌ಫಾರ್ಮ್ ಜೋಡಿಸಿದರೂ ಶೀಟ್ ಮುಗಿಯುವುದಿಲ್ಲ.

ಇಷ್ಟು ಉದ್ದದ ಜಾಗದಲ್ಲಿ ನಾವು ಮಾಡುವುದೇನು? ಮೌಸ್‌ನ ಗಾಲಿ ತಿರುಗಿಸುತ್ತೇವೆ. ಗಾಲಿ ಒಂದು ಹಲ್ಲು ಸರಿದರೆ ಮೂರು ಸಾಲು ಕೆಳಗೆ ಹೋಗುತ್ತದೆ. ವಿಂಡೋಸ್‌ನಲ್ಲಿ ಮೊದಲಿನಿಂದ ಇರುವ ಲೆಕ್ಕ ಅದು. ಒಂದು ಅಂಗಡಿಯ ಶೀಟ್‌ನಲ್ಲಿ 40,000 ಸಾಲು ಇದ್ದರೆ ತಳ ಮುಟ್ಟಲು ಗಾಲಿ ಹದಿಮೂರು ಸಾವಿರಕ್ಕೂ ಹೆಚ್ಚು ಹಲ್ಲು ತಿರುಗಬೇಕು. ಬೆರಳು ಸೋಲುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಸಾಲುಗಳು ಕಣ್ಣ ಮುಂದೆ ಓಡುವಾಗ ತಪ್ಪು ಎದುರಿಗಿದ್ದರೂ ಕಾಣುವುದಿಲ್ಲ.

ಗಾಲಿ ಬಿಟ್ಟು ಜಿಗಿಯಬೇಕು. ಜಿಗಿಯುವ ದಾರಿ ಸೆಲ್‌ನಲ್ಲೇ, ಅಂದರೆ ಅಂಕಿ ಬರೆಯುವ ಮನೆಯಲ್ಲೇ ಇದೆ.

ಯಾವುದಾದರೂ ಒಂದು ಸೆಲ್ ಕ್ಲಿಕ್ ಮಾಡಿ. ಸುತ್ತ ಹಸಿರು ಚೌಕಟ್ಟು ಬರುತ್ತದೆ. ಈಗ ಕ್ಲಿಕ್ ಮಾಡದೆ ಮೌಸ್ ಅನ್ನು ಸುಮ್ನೆ ಆ ಸೆಲ್ ಮೇಲೆ ನಿಧಾನವಾಗಿ ಆಡಿಸಿ, ಬಾಣದ ಆಕಾರ ಬದಲಾಗುವುದನ್ನು ನೋಡಿ. ಸೆಲ್‌ನ ಒಳಗೆ ಇದ್ದಾಗ ದಪ್ಪ ಬಿಳಿ ಪ್ಲಸ್. ಅದು ಆರಿಸುವ ಕೆಲಸಕ್ಕೆ. ಕೆಳಗಿನ ಬಲ ಮೂಲೆಯ ಪುಟ್ಟ ಚೌಕದ ಮೇಲೆ ಹೋದರೆ ತೆಳ್ಳಗಿನ ಕಪ್ಪು ಪ್ಲಸ್. ಅದು ತುಂಬುವ ಕೆಲಸಕ್ಕೆ. ಚೌಕಟ್ಟಿನ ಗೆರೆಯ ಮೇಲೆ ಸರಿಯಾಗಿ ನಿಂತರೆ ನಾಲ್ಕು ದಿಕ್ಕಿಗೆ ಬಾಣ ಇರುವ ಗುರುತು. ಜಾಗ ಬದಲಾದರೆ ಕೆಲಸ ಬದಲಾಗುತ್ತದೆ. ಮೌಸ್ ಕಲಿಯುವುದು ಅಂದರೆ ಮುಕ್ಕಾಲು ಪಾಲು ಈ ಆಕಾರಗಳನ್ನು ಗುರುತಿಸುವುದೇ. ಕೈಗಿಂತ ಮೊದಲು ಕಣ್ಣು ಪಳಗಬೇಕು.

ನಾಲ್ಕು ಬಾಣದ ಗುರುತು ಕಂಡಾಗ ಕೆಳಗಿನ ಗೆರೆಯ ಮೇಲೆ ಎರಡು ಸಲ ಬೇಗ ಕ್ಲಿಕ್ ಮಾಡಿ. ಆ ಕಾಲಂನಲ್ಲಿ ಎಲ್ಲಿಯವರೆಗೆ ಎಡೆಬಿಡದೆ ತುಂಬಿದೆಯೋ ಅಲ್ಲಿಗೆ ಹೋಗಿ ನಿಲ್ಲುತ್ತೀರಿ. ನಲವತ್ತು ಸಾವಿರ ಸಾಲಾದರೂ ಕಣ್ಣು ಮಿಟುಕಿಸುವಷ್ಟರಲ್ಲಿ. ಮೇಲಿನ ಗೆರೆಗೆ ಎರಡು ಕ್ಲಿಕ್ ಮಾಡಿದರೆ ಮತ್ತೆ ಮೇಲಕ್ಕೆ. ಬಲ ಗೆರೆಗೆ ಮಾಡಿದರೆ ಬಲತುದಿಗೆ, ಎಡಕ್ಕೆ ಮಾಡಿದರೆ ಎಡತುದಿಗೆ. ಕಂಟ್ರೋಲ್ ಒತ್ತಿ ಬಾಣದ ಕೀ ಒತ್ತಿದರೆ ಆಗುವ ಕೆಲಸವೇ ಇದು. ಇಲ್ಲಿ ಒಂದೇ ಕೈಯಲ್ಲಿ ಆಗುತ್ತದೆ, ಚೀಟಿ ಕೈಯಲ್ಲೇ ಇರುತ್ತದೆ.

ಎಕ್ಸೆಲ್ "ತುದಿ" ಅಂತ ಯಾವುದನ್ನು ಕರೆಯುತ್ತದೆ ಅನ್ನೋದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಈ ಲೇಖನದ ಜೀವಾಳ ಇಲ್ಲೇ ಇದೆ. ನೀವು ತುಂಬಿದ ಸೆಲ್‌ನಲ್ಲಿ ಇದ್ದೀರಿ, ಕೆಳಗಿನದೂ ತುಂಬಿದೆ ಅಂದರೆ, ಮೊದಲ ಖಾಲಿ ಸೆಲ್ ಬರುವ ಮುಂಚಿನ ಸೆಲ್‌ನಲ್ಲಿ ಜಿಗಿತ ನಿಲ್ಲುತ್ತದೆ. ಕೆಳಗಿನ ಸೆಲ್ ಖಾಲಿ ಇದ್ದರೆ, ಖಾಲಿ ಜಾಗವನ್ನೆಲ್ಲ ಹಾರಿ ಮುಂದೆ ತುಂಬಿರುವ ಮೊದಲ ಸೆಲ್‌ಗೆ ಹೋಗುತ್ತದೆ. ಕೆಳಗೆ ಎಲ್ಲೂ ಏನೂ ಇಲ್ಲ ಅಂದರೆ ನೇರ 10,48,576ನೇ ಸಾಲಿಗೆ ಹೋಗಿ ಬೀಳುತ್ತದೆ. ಇಷ್ಟೇ ನಿಯಮ.

ಕಳೆದ ಸುಗ್ಗಿಯಲ್ಲಿ ಒಂದು ಅಂಗಡಿಯ ಹುಡುಗನಿಗೆ ಇದನ್ನು ತೋರಿಸಿದ್ದೆ. ಅರ್ಧ ಗಂಟೆ ಬಿಟ್ಟು ಕರೆದ.

"ಅಕ್ಕಾರ, ತೂಕದ ಕಾಲಂ ಕೆಳಗ ಹೋಗವಲ್ದ್ರೀ. ಎರಡು ನೂರಾ ಹದಿನೇಳಕ್ಕ ನಿಂತು ಬಿಡತೈತಿ."

"ಅದರ ಕೆಳಗ ಏನೈತಿ ನೋಡು ತಮ್ಮಾ."

"ಏನೂ ಇಲ್ರೀ. ಖಾಲಿ ಐತಿ."

"ಆ ಲಾಟಿನ ಚೀಟಿ ಹುಡುಕು. ತೂಕ ಬರಿಯೋದು ಬಿಟ್ಟೈತಿ."

ಕಟ್ಟಿನಲ್ಲಿ ಎರಡು ಚೀಟಿ ಒಂದಕ್ಕೊಂದು ಅಂಟಿದ್ದವು. ಒಂದು ಲಾಟ್, ಅಂದರೆ ಒಬ್ಬ ರೈತರ ಒಂಬತ್ತು ಚೀಲದ ತೂಕ ಶೀಟಿಗೆ ಬಂದೇ ಇರಲಿಲ್ಲ. ಗಾಲಿ ತಿರುಗಿಸಿಕೊಂಡು ಹೋಗಿದ್ದರೆ ಅದು ಅವತ್ತು ಸಿಗುತ್ತಿರಲಿಲ್ಲ. ಜಿಗಿತ ನಡುವೆ ನಿಂತರೆ ಅದನ್ನು ತೊಂದರೆ ಅಂದುಕೊಳ್ಳಬೇಡಿ. ನಿಂತ ಜಾಗದ ಕೆಳಗೆ ಏನೋ ಬಿಟ್ಟುಹೋಗಿದೆ ಎಂದು ಶೀಟ್ ತಾನೇ ಹೇಳುತ್ತಿರುತ್ತದೆ. ನಾನಂತೂ ಸಂಜೆ ಲೆಕ್ಕ ಮುಚ್ಚುವ ಮೊದಲು ಪ್ರತಿ ಕಾಲಂನ ಮೊದಲ ಸೆಲ್‌ನಲ್ಲಿ ನಿಂತು ಕೆಳಗಿನ ಗೆರೆಗೆ ಎರಡು ಕ್ಲಿಕ್ ಮಾಡುತ್ತೇನೆ. ಲಾಟ್ ನಂಬರ್, ರೈತರ ಹೆಸರು, ಊರು, ಚೀಲ, ತೂಕ, ದರ, ಖರೀದಿದಾರರು, ಎಲ್ಲವೂ ಒಂದೇ ಸಾಲಿಗೆ ಹೋಗಿ ನಿಲ್ಲಬೇಕು. ಯಾವ ಕಾಲಂ ಮೊದಲೇ ನಿಲ್ಲುತ್ತದೋ ಅಲ್ಲಿ ತೂತು ಇದೆ.

ಇದಕ್ಕೂ ಸಿಗದ ತೂತು ಒಂದಿದೆ. ಸೆಲ್‌ನಲ್ಲಿ ಯಾರಾದರೂ ಸ್ಪೇಸ್ ಬಾರ್ ಒತ್ತಿ ಬಿಟ್ಟಿದ್ದರೆ ಕಣ್ಣಿಗೆ ಖಾಲಿ, ಎಕ್ಸೆಲ್‌ಗೆ ತುಂಬಿದ ಸೆಲ್. ಫಾರ್ಮುಲಾ ಇದ್ದು ಅದರ ಉತ್ತರ ಖಾಲಿಯಾಗಿ ಕಂಡರೂ ಹಾಗೇ. ಜಿಗಿತ ಅಲ್ಲಿ ನಿಲ್ಲದೆ ದಾಟಿ ಹೋಗುತ್ತದೆ.

ಗೆರೆಯ ಮೇಲೆ ಎರಡು ಕ್ಲಿಕ್ ಮಾಡುವಾಗ ಕೈ ಗಟ್ಟಿ ಇರಲಿ. ನಾಲ್ಕು ಬಾಣದ ಗುರುತು ಎಕ್ಸೆಲ್‌ನಲ್ಲಿ ನಿಜಕ್ಕೂ ಸೆಲ್ಲನ್ನು ಎಳೆದು ಬೇರೆ ಕಡೆ ಇಡುವ ಗುರುತು. ಒತ್ತಿದ ಬೆರಳು ಸ್ವಲ್ಪ ಜಾರಿದರೆ ಒಳಗಿನ ಅಂಕಿ ಬೇರೆ ಸೆಲ್‌ಗೆ ಹೋಗುತ್ತದೆ. ತುಂಬಿದ ಸೆಲ್ ಮೇಲೆ ಬಿದ್ದರೆ "ಇಲ್ಲಿ ಮೊದಲೇ ಡೇಟಾ ಇದೆ, ಬದಲಿಸಲೇ?" ಎಂದು ಕೇಳುತ್ತದೆ. ಖಾಲಿ ಸೆಲ್ ಮೇಲೆ ಬಿದ್ದರೆ ಕೇಳುವುದೇ ಇಲ್ಲ. ಒಂದು ಸಲ ನನ್ನ ಕೈಯಿಂದಲೇ ಒಂದು ಲಾಟಿನ ದರ ಪಕ್ಕದ ಖಾಲಿ ಕಾಲಂಗೆ ಸರಿದು, ದರದ ಕಾಲಂನಲ್ಲಿ ಆ ಜಾಗ ಖಾಲಿ ಬಿದ್ದಿತ್ತು. ಅಂದಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಎರಡು ಕ್ಲಿಕ್ ಮಾಡಿಯೂ ಜಿಗಿಯಲಿಲ್ಲ ಅಂದರೆ, ಮತ್ತೆ ಕ್ಲಿಕ್ ಮಾಡುವ ಮೊದಲು ಆ ಸೆಲ್‌ನ ಅಂಕಿ ಅಲ್ಲೇ ಇದೆಯಾ ನೋಡುತ್ತೇನೆ. ಸರಿದಿದ್ದರೆ ಕಂಟ್ರೋಲ್ ಜೊತೆ ಝಡ್. ಶೀಟನ್ನು ತೀರಾ ಚಿಕ್ಕದಾಗಿ ಕಾಣುವಂತೆ ಇಟ್ಟುಕೊಂಡರೂ ಗೆರೆ ಹಿಡಿಯುವುದು ಕಷ್ಟ. ನೂರು ಪರ್ಸೆಂಟ್‌ನಲ್ಲಿ ಸುಲಭ.

ಕೆಲವರ ಕಂಪ್ಯೂಟರಿನಲ್ಲಿ ನಾಲ್ಕು ಬಾಣದ ಗುರುತೇ ಬರುವುದಿಲ್ಲ. ಆಗ ಫೈಲ್, ಆಪ್ಶನ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಫಿಲ್ ಹ್ಯಾಂಡಲ್ ಮತ್ತು ಡ್ರ್ಯಾಗ್ ಆ್ಯಂಡ್ ಡ್ರಾಪ್ ಎಂದಿರುವ ಚೌಕಕ್ಕೆ ಟಿಕ್ ಹಾಕಬೇಕು.

ಈಗ ಇದಕ್ಕೆ ಶಿಫ್ಟ್ ಸೇರಿಸಿ. ಚೀಟಿ ಹಿಡಿದ ಕೈಯ ಕಿರುಬೆರಳಾದರೂ ಸಾಕು. ಶಿಫ್ಟ್ ಒತ್ತಿಕೊಂಡು ಕೆಳಗಿನ ಗೆರೆಗೆ ಎರಡು ಕ್ಲಿಕ್ ಮಾಡಿದರೆ, ನಿಂತ ಜಾಗದಿಂದ ತುದಿಯವರೆಗೆ ಎಲ್ಲ ಸೆಲ್‌ಗಳೂ ಆರಿಸಿಕೊಳ್ಳುತ್ತವೆ. ನಡುವೆ ತೂತು ಬಂದು ನಿಂತರೆ, ಆರಿಸಿದ ಭಾಗದ ಕೆಳಗಿನ ಗೆರೆಗೆ ಮತ್ತೊಮ್ಮೆ ಹಾಗೇ ಮಾಡಿ. ಮುಂದಕ್ಕೆ ಹೋಗುತ್ತದೆ. ಒತ್ತಿ ಹಿಡಿದು ಎಳೆಯುತ್ತಾ ಹೋಗಿ, ಶೀಟ್ ಕುದುರೆಯ ಹಾಗೆ ಓಡಿ, ಎಲ್ಲೋ ದಾಟಿ, ಮತ್ತೆ ಹಿಂದೆ ಬರುವ ಪಾಡು ಇರುವುದಿಲ್ಲ.

ಹೀಗೆ ತೂಕದ ಕಾಲಂ ಪೂರಾ ಆರಿಸಿದಾಗ ಪರದೆಯ ತಳದ ಪಟ್ಟಿಯನ್ನು ನೋಡಿ. ಅದನ್ನು ಸ್ಟೇಟಸ್ ಬಾರ್ ಅಂತಾರೆ. ಅಲ್ಲಿ ಮೊತ್ತ, ಸರಾಸರಿ, ಎಷ್ಟು ಸೆಲ್ ಅನ್ನೋದು ತಾನಾಗಿ ಬಂದಿರುತ್ತದೆ. ಒಂದು ಫಾರ್ಮುಲಾ ಕೂಡ ಬರೆಯಬೇಕಿಲ್ಲ. ಆ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿದರೆ ಇನ್ನೂ ಮೂರು ಸಿಗುತ್ತವೆ: ನ್ಯೂಮರಿಕಲ್ ಕೌಂಟ್ (ಅಂಕಿ ಇರುವ ಸೆಲ್ ಎಷ್ಟು), ಮಿನಿಮಂ (ಎಲ್ಲಕ್ಕಿಂತ ಚಿಕ್ಕ ಅಂಕಿ), ಮ್ಯಾಕ್ಸಿಮಂ (ಎಲ್ಲಕ್ಕಿಂತ ದೊಡ್ಡದು). ಈ ಮೂರಕ್ಕೂ ಟಿಕ್ ಹಾಕಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ದರದ ಕಾಲಂ ಆರಿಸಿ ಮ್ಯಾಕ್ಸಿಮಂ ನೋಡಿ. ಡಬ್ಬಿ ತಳಿಯ ಮೆಣಸಿನಕಾಯಿಗೆ ಅವತ್ತು ಪೇಟೆಯಲ್ಲಿ ಎದ್ದ ಮೇಲಿನ ಧಾರಣೆ ನಿಮಗೆ ಗೊತ್ತೇ ಇರುತ್ತದೆ. ಅದರ ಹತ್ತು ಪಟ್ಟು ಅಂಕಿ ಅಲ್ಲಿ ಕಂಡರೆ ಯಾರೋ ಒಂದು ಸೊನ್ನೆ ಜಾಸ್ತಿ ಒತ್ತಿದ್ದಾರೆ. ಮಿನಿಮಂ ನೋಡಿದರೆ ಸೊನ್ನೆ ಬಿಟ್ಟದ್ದು ಸಿಗುತ್ತದೆ. ಕೌಂಟ್ (ತುಂಬಿದ ಸೆಲ್ ಎಷ್ಟು) ಮತ್ತು ನ್ಯೂಮರಿಕಲ್ ಕೌಂಟ್ ಬೇರೆ ಬೇರೆ ಬಂದರೆ, ಕೆಲವು ಅಂಕಿಗಳು ಎಕ್ಸೆಲ್‌ಗೆ ಅಂಕಿಯಾಗಿ ಕಾಣದೆ ಬರಹವಾಗಿ ಕೂತಿವೆ ಎಂದು ಅರ್ಥ. ಬರಹವಾಗಿ ಕೂತ ತೂಕ ಮೊತ್ತಕ್ಕೆ ಸೇರುವುದಿಲ್ಲ. ರೈತರ ಹಣ ಕಡಿಮೆಯಾಗುವುದು ಇಂಥ ಕಡೆಯೇ. 365 ಆವೃತ್ತಿ ಇದ್ದರೆ ತಳದ ಪಟ್ಟಿಯ ಮೊತ್ತದ ಮೇಲೆ ಒಂದು ಕ್ಲಿಕ್ ಮಾಡಿ. ಅದು ಕಾಪಿ ಆಗುತ್ತದೆ, ಬೇಕಾದ ಕಡೆ ಪೇಸ್ಟ್ ಮಾಡಬಹುದು.

ಇನ್ನು ಮೂಲೆಯ ಪುಟ್ಟ ಚೌಕ, ತೆಳ್ಳಗಿನ ಕಪ್ಪು ಪ್ಲಸ್. ಮೊತ್ತದ ಕಾಲಂನ ಮೊದಲ ಸಾಲಿನಲ್ಲಿ ತೂಕವನ್ನು ದರದಿಂದ ಗುಣಿಸಿ ನೂರರಿಂದ ಭಾಗಿಸುವ ಫಾರ್ಮುಲಾ ಬರೆದಿದ್ದೀರಿ ಅನ್ನಿ. ದರ ಕ್ವಿಂಟಲ್‌ಗೆ, ತೂಕ ಕೆಜಿಯಲ್ಲಿ, ಅದಕ್ಕೆ ನೂರು. ಆ ಚೌಕಕ್ಕೆ ಎರಡು ಕ್ಲಿಕ್ ಮಾಡಿದರೆ ಪಕ್ಕದ ಕಾಲಂ ತುಂಬಿರುವವರೆಗೂ ಫಾರ್ಮುಲಾ ಇಳಿಯುತ್ತದೆ. ನಡುವೆ ಇಡೀ ಸಾಲು ಖಾಲಿ ಇದ್ದರೆ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಚಂದ ಕಾಣಲಿ ಎಂದು ನಡುನಡುವೆ ಖಾಲಿ ಸಾಲು ಬಿಡುವುದು ನನಗೆ ಸೇರುವುದಿಲ್ಲ. ತಾರೀಖಿನ ಕಾಲಂನಲ್ಲಿ ಮಾತ್ರ ಹುಷಾರು. ಒಂದೇ ತಾರೀಖು ಎಲ್ಲ ಸಾಲಿಗೂ ಬೇಕು ಎಂದು ಹೀಗೆ ಇಳಿಸಿದರೆ ಎಕ್ಸೆಲ್ ಒಂದೊಂದು ದಿನ ಕೂಡಿಸುತ್ತಾ ಹೋಗುತ್ತದೆ. ಗುರುವಾರದ ಲಾಟಿಗೆ ಶುಕ್ರವಾರ, ಶನಿವಾರ ಬಂದು ಕೂರುತ್ತವೆ. ಇಳಿಸಿದ ಕೂಡಲೇ ಕೊನೆಯಲ್ಲಿ ಒಂದು ಸಣ್ಣ ಗುಂಡಿ ಕಾಣುತ್ತದೆ. ಅದನ್ನು ಒತ್ತಿ ಕಾಪಿ ಸೆಲ್ಸ್ ಎಂದು ಆರಿಸಿದರೆ ಎಲ್ಲ ಕಡೆ ಒಂದೇ ತಾರೀಖು.

ಜಿಗಿಯುವ ಮೊದಲು ತಲೆಸಾಲನ್ನು ಕಟ್ಟಿ ಹಾಕಿ. ವ್ಯೂ ಟ್ಯಾಬ್‌ನಲ್ಲಿ ಫ್ರೀಜ್ ಟಾಪ್ ರೋ. ಇಲ್ಲದಿದ್ದರೆ ಮೂವತ್ತು ಸಾವಿರದ ಸಾಲಿನಲ್ಲಿ ನಿಂತಾಗ ಯಾವುದು ಚೀಲ, ಯಾವುದು ತೂಕ ತಿಳಿಯುವುದಿಲ್ಲ.

ಹೋಗಬೇಕಾದ ಸಾಲಿನ ನಂಬರ್ ಗೊತ್ತಿದ್ದರೆ ಎಡಗಡೆ ಮೇಲಿರುವ ನೇಮ್ ಬಾಕ್ಸ್ ಕ್ಲಿಕ್ ಮಾಡಿ ಸೆಲ್‌ನ ವಿಳಾಸ ಬರೆದು ಎಂಟರ್ ಒತ್ತಿ. ಸುಮಾರು ಎಲ್ಲಿದೆ ಅಂತ ಮಾತ್ರ ಗೊತ್ತಿದ್ದರೆ ಬಲಗಡೆಯ ಸ್ಕ್ರಾಲ್ ಬಾರ್ ಹಿಡಿದು ಎಳೆಯಿರಿ. ಎಳೆಯುವಾಗ ಪಕ್ಕದಲ್ಲಿ ಸಾಲಿನ ನಂಬರ್ ಕಾಣುತ್ತಿರುತ್ತದೆ. ಬಹಳ ದೂರ ಹೋಗುವುದಿದ್ದರೆ ಶಿಫ್ಟ್ ಒತ್ತಿ ಎಳೆಯಿರಿ. ಗಾಲಿಯನ್ನೇ ಗುಂಡಿಯ ಹಾಗೆ ಒತ್ತಿದರೂ ಒಂದು ಉಪಯೋಗ ಇದೆ. ಒಂದು ಗುರುತು ಮೂಡುತ್ತದೆ. ಮೌಸನ್ನು ಅದರಿಂದ ದೂರ ಸರಿಸಿದಷ್ಟೂ ಶೀಟ್ ಜೋರಾಗಿ ಓಡುತ್ತದೆ, ಅಡ್ಡಕ್ಕೂ ಓಡುತ್ತದೆ. ಮತ್ತೆ ಕ್ಲಿಕ್ ಮಾಡಿದರೆ ನಿಲ್ಲುತ್ತದೆ. ಕಂಟ್ರೋಲ್ ಒತ್ತಿ ಗಾಲಿ ತಿರುಗಿಸಿದರೆ ಶೀಟ್ ಚಿಕ್ಕದು, ದೊಡ್ಡದು ಆಗುತ್ತದೆ, 10ರಿಂದ 400 ಪರ್ಸೆಂಟ್‌ವರೆಗೆ. ಹೊಸ ಆವೃತ್ತಿಗಳಲ್ಲಿ ಕಂಟ್ರೋಲ್, ಶಿಫ್ಟ್ ಎರಡೂ ಒತ್ತಿ ತಿರುಗಿಸಿದರೆ ಅಡ್ಡಕ್ಕೆ ಸರಿಯುತ್ತದೆ.

ಸ್ಕ್ರಾಲ್ ಬಾರ್ ಬಗ್ಗೆ ಇನ್ನೊಂದು ಮಾತು. ನಿಮ್ಮ ಶೀಟ್‌ನಲ್ಲಿ ಎರಡೇ ಸಾವಿರ ಸಾಲು ಇದ್ದರೂ ಅದರ ಹಿಡಿಕೆ ಕಡಲೆಕಾಳಿನಷ್ಟಾಗಿ, ಸ್ವಲ್ಪ ಮುಟ್ಟಿದರೆ ಸಾವಿರಾರು ಸಾಲು ಹಾರುತ್ತಿದೆಯಾ? ಹಾಗಿದ್ದರೆ ತೀರಾ ಕೆಳಗೆ ಯಾವುದೋ ಸೆಲ್‌ಗೆ ಯಾರೋ ಬಣ್ಣ ಹಾಕಿದ್ದಾರೆ, ಇಲ್ಲವೇ ಏನೋ ಬರೆದು ಅಳಿಸಿದ್ದಾರೆ. ಎಕ್ಸೆಲ್ ಅಲ್ಲಿಯವರೆಗೂ ಶೀಟ್ ಬಳಕೆಯಲ್ಲಿದೆ ಅಂದುಕೊಂಡಿದೆ. ನಿಮ್ಮ ಲೆಕ್ಕ 2,000ನೇ ಸಾಲಿಗೆ ಮುಗಿದಿದ್ದರೆ, ನೇಮ್ ಬಾಕ್ಸ್‌ನಲ್ಲಿ 2001:1048576 ಎಂದು ಬರೆದು ಎಂಟರ್ ಒತ್ತಿ. ಕೆಳಗಿನದೆಲ್ಲ ಆರಿಸಿಕೊಳ್ಳುತ್ತದೆ. ಎಡಗಡೆಯ ಸಾಲಿನ ನಂಬರ್ ಮೇಲೆ ಬಲ ಕ್ಲಿಕ್ ಮಾಡಿ ಡಿಲೀಟ್ ಕೊಡಿ, ಆಮೇಲೆ ಸೇವ್ ಮಾಡಿ. ಕೀಬೋರ್ಡಿನ ಡಿಲೀಟ್ ಕೀ ಇಲ್ಲಿ ಸಾಲದು, ಅದು ಬರಹ ಅಳಿಸುತ್ತದೆ, ಬಣ್ಣ ಹಾಗೇ ಉಳಿಯುತ್ತದೆ. ಹೀಗೆ ಮಾಡಿದರೆ ಹಿಡಿಕೆ ಮತ್ತೆ ಕೈಗೆ ಸಿಗುವಷ್ಟು ದೊಡ್ಡದಾಗುತ್ತದೆ. ಫೈಲ್ ಕೂಡ ಎಷ್ಟೋ ಸಲ ಹಗುರವಾಗುತ್ತದೆ.

ಕೆಲವು ಅಂಗಡಿಗಳಲ್ಲಿ ಪೇಟೆಯ ದಿನಕ್ಕೊಂದು ಶೀಟ್ ಮಾಡುತ್ತಾರೆ. ವಾರಕ್ಕೆ ಎರಡು ದಿನ ಅಂದರೆ ವರ್ಷಕ್ಕೆ ನೂರಕ್ಕೂ ಹೆಚ್ಚು ಟ್ಯಾಬ್. ಕೆಳಗೆ ಎಡ ಮೂಲೆಯ ಸಣ್ಣ ಬಾಣಗಳ ಮೇಲೆ ಬಲ ಕ್ಲಿಕ್ ಮಾಡಿ, ಎಲ್ಲ ಶೀಟ್‌ಗಳ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಬಹುದು. ಆದರೂ ಎಲ್ಲವನ್ನೂ ಒಂದೇ ಶೀಟ್‌ನಲ್ಲಿ ಇಟ್ಟು ತಾರೀಖಿಗೆ ಒಂದು ಕಾಲಂ ಕೊಡುವುದೇ ಒಳ್ಳೆಯದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಾಗಿದ್ದರೆ ಮುಂದೆ ಹೇಳುವ ಎರಡು ಕೆಲಸ ಸುಲಭ.

ಕುಂದಗೋಳದ ಕಡೆಯ ರೈತರೊಬ್ಬರು ಬಂದು, "ಅಕ್ಕಾರ, ಈ ಸುಗ್ಗಿಯಾಗ ನಮ್ಮವು ಒಟ್ಟು ಎಷ್ಟು ಚೀಲ ಬಂದಾವ್ರೀ?" ಎಂದು ಕೇಳುತ್ತಾರೆ. ಹೊರಗೆ ಅವರ ಗಾಡಿಯವನು ಹಾರ್ನ್ ಹೊಡೆಯುತ್ತಿರುತ್ತಾನೆ. ಅವರ ಹೆಸರಿರುವ ಒಂದು ಸೆಲ್ ಸಿಕ್ಕರೆ ಸಾಕು. ಅದರ ಮೇಲೆ ಬಲ ಕ್ಲಿಕ್, ಫಿಲ್ಟರ್, ಆಮೇಲೆ ಫಿಲ್ಟರ್ ಬೈ ಸೆಲೆಕ್ಟೆಡ್ ಸೆಲ್ಸ್ ವ್ಯಾಲ್ಯೂ. ಅವರ ಸಾಲುಗಳು ಮಾತ್ರ ಉಳಿಯುತ್ತವೆ. ಚೀಲದ ಕಾಲಂ ಆರಿಸಿದರೆ ಲೆಕ್ಕ ತಳದ ಪಟ್ಟಿಯಲ್ಲಿ. ಒಂದೇ ಹೆಸರನ್ನು ಎರಡು ರೀತಿ ಬರೆದಿದ್ದರೆ ಮಾತ್ರ ಅರ್ಧ ಸಾಲು ತಪ್ಪಿಹೋಗುತ್ತವೆ, ಅದಕ್ಕೇ ಹೆಸರನ್ನು ಮೊದಲ ದಿನ ಹೇಗೆ ಬರೆದಿರೋ ಹಾಗೇ ಬರೆಯಿರಿ.

ಪಿವಟ್ ಟೇಬಲ್, ಅಂದರೆ ಸಾಲುಗಳನ್ನು ಹೆಸರಿನ ಪ್ರಕಾರ ಕೂಡಿಸಿ ತೋರಿಸುವ ಪಟ್ಟಿ, ಮಾಡಿಟ್ಟುಕೊಂಡವರಿಗೆ ಇನ್ನೂ ಹತ್ತಿರದ ದಾರಿ ಇದೆ. ರೈತರ ಹೆಸರಿನ ಎದುರು ಒಟ್ಟು ಚೀಲದ ಅಂಕಿ ಇರುತ್ತದೆ. ಆ ಅಂಕಿಗೆ ಎರಡು ಕ್ಲಿಕ್ ಮಾಡಿದರೆ ಅದು ಯಾವ ಯಾವ ಲಾಟ್‌ನಿಂದ ಬಂತು ಅನ್ನೋದು ಒಂದು ಹೊಸ ಶೀಟ್‌ನಲ್ಲಿ ಸಾಲಾಗಿ ತೆರೆದುಕೊಳ್ಳುತ್ತದೆ. ಪರದೆಯನ್ನು ಅವರ ಕಡೆ ತಿರುಗಿಸುತ್ತೇನೆ. ಅವರು ತಮ್ಮ ಚೀಟಿ ತೆಗೆದು ಒಂದೊಂದೇ ಸಾಲಿಗೆ ಬೆರಳಿಟ್ಟು ತಾಳೆ ನೋಡುತ್ತಾರೆ. ಆ ಹೊಸ ಶೀಟ್ ನಕಲು ಮಾತ್ರ, ಅಲ್ಲಿ ತಿದ್ದಿದ್ದು ಮೂಲಕ್ಕೆ ಹೋಗುವುದಿಲ್ಲ. ತಪ್ಪು ಕಂಡರೆ ಮೂಲ ಶೀಟ್‌ನಲ್ಲಿ ತಿದ್ದಿ, ಪಿವಟ್ ಮೇಲೆ ಬಲ ಕ್ಲಿಕ್ ಮಾಡಿ ರಿಫ್ರೆಶ್ ಕೊಟ್ಟು, ನಕಲಿನ ಟ್ಯಾಬ್ ಅಳಿಸಿ, ಮತ್ತೆ ಆ ಅಂಕಿಗೆ ಎರಡು ಕ್ಲಿಕ್ ಮಾಡಿ ಅವರಿಗೆ ತೋರಿಸುತ್ತೇನೆ. ತಾಳೆಯಾದ ಮೇಲೆಯೇ ಪ್ರಿಂಟ್.